ಬಕೆಟ್ಟಿನಲ್ಲಿ ಉಳಿದ ಮೇವು

ಈ ವಾರ ಸರದಿಯಲ್ಲಿದ್ದದ್ದು ಒಂದು ಆಸ್ತಿ ಜಗಳದ ಪತ್ರ. ಅದು ಕಾಯಲಿ, ಆಸ್ತಿ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಂಗಳೂರಿನ 24 ವರ್ಷದ ಕುದುರೆ ಸವಾರೆಯೊಬ್ಬಳ ನಾಲ್ಕು ಪುಟ ನನ್ನ ಒಂದು ರಾತ್ರಿಯ ನಿದ್ದೆ ಕೆಡಿಸಿದೆ.

ವಿಷಯ ಇಷ್ಟು. ರೇಸಿನಿಂದ ನಿವೃತ್ತನಾಗಿ ಬಂದ ಕುದುರೆ. ಆರು ವರ್ಷ ಅವಳೇ ಪಳಗಿಸಿದ್ದು. ಬಯಲಲ್ಲಿ ಬೇಲಿ, ಹಳ್ಳ ಹಾರಿಸುತ್ತ ಓಡಿಸುವ ಕ್ರಾಸ್ ಕಂಟ್ರಿ ಸುತ್ತಿನ ಕೊನೆಗೆ ಒಂದು ಬೇಲಿ ಹಾರಿ ಇಳಿದವನು ಮುಂಗಾಲು ಊರಲಿಲ್ಲ. ಎಲುಬುಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ಹರಿದಿತ್ತು. ಸರಿಹೋಗುವಂಥದ್ದಲ್ಲ ಎಂದರು ವೈದ್ಯರು. ಸಂಜೆಯೊಳಗೆ ನೋವಿಲ್ಲದ ಸಾವಿನ ಚುಚ್ಚುಮದ್ದು ಕೊಟ್ಟರು. ಮರುದಿನ ಯಾರೋ ಹನ್ನೆರಡು ಸೆಕೆಂಡಿನ ವಿಡಿಯೊ ಹರಿಬಿಟ್ಟರು. ‘ಪದಕಕ್ಕಾಗಿ ಕೊಂದಳು’, ‘ಅಳುವ ನಾಟಕ ಬೇರೆ’, ‘ಚಿಕಿತ್ಸೆ ಕೊಡಿಸಲು ದುಡ್ಡಿರಲಿಲ್ಲವೇ?’ ಸ್ಪಷ್ಟನೆಯ ವಿಡಿಯೊ ಮಾಡಲೇ, ಖಾತೆ ಮುಚ್ಚಲೇ, ಸವಾರಿಯನ್ನೇ ಬಿಡಲೇ ಎಂದು ಕೇಳಿದ್ದಾಳೆ.

ಮಗಳೇ, ಮೊದಲು ನಿಮ್ಮ ಅಣ್ಣನ ವಿಚಾರ. ದಿನಾ ರಾತ್ರಿ ಊಟದ ಹೊತ್ತಿಗೆ ಹೊಸ ಕಾಮೆಂಟುಗಳ ಸ್ಕ್ರೀನ್‌ಶಾಟ್ ಕಳಿಸಿ ‘ನಿನಗೆ ಗೊತ್ತಿರಲಿ ಅಂತ’ ಎನ್ನುತ್ತಾನಂತೆ. ಅವನ ಬಗ್ಗೆ ನೀವು ಮೃದುವಾಗಿದ್ದೀರಿ, ನಾನಿಲ್ಲ. ಬೀದಿಯಲ್ಲಿ ಬಿದ್ದ ಕಲ್ಲುಗಳನ್ನು ಆರಿಸಿ ತಂದು ತಂಗಿಯ ತಟ್ಟೆಗೆ ಹಾಕುವುದಕ್ಕೆ ಕಾಳಜಿ ಎಂಬ ಹೆಸರಿಲ್ಲ. ಬೈದವರಿಗೆ ನಿಮ್ಮ ಮನೆಯ ವಿಳಾಸ ಗೊತ್ತಿಲ್ಲ, ಅಂಚೆಯವನಾದದ್ದು ಇವನು. ತಟ್ಟೆಯ ಪಕ್ಕ ಫೋನ್ ಇಡಬಾರದೆಂದು ಈ ಅಂಕಣದಲ್ಲಿ ಬರೆದು ಬರೆದು ನನಗೇ ಬೇಸರವಾಗಿದೆ. ಈಗ ಅಣ್ಣಂದಿರನ್ನೂ ಆ ಪಟ್ಟಿಗೆ ಸೇರಿಸುತ್ತೇನೆ.

2021ರ ಆಗಸ್ಟ್ 1ರಂದು ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿಯಲ್ಲಿ ಓಡಿಸುತ್ತಾರೆಂದು ಟಿವಿ ಮುಂದೆ ಕೂತವರಲ್ಲಿ ನಾನೂ ಒಬ್ಬಳು. ಅದೇ ದಿನ, ಅದೇ ಹಾದಿಯಲ್ಲಿ ಸ್ವಿಟ್ಜರ್ಲೆಂಡಿನ ರಾಬಿನ್ ಗೊಡೆಲ್ ಅವರ ಕುದುರೆ ಜೆಟ್ ಸೆಟ್ ಕುಂಟಿತು. ಅಲ್ಲೂ ಗೊರಸಿನ ಮೇಲೆ ಹರಿದ ಅಸ್ಥಿರಜ್ಜು, ಅಲ್ಲೂ ಅದೇ ತೀರ್ಮಾನ. ಕುದುರೆಗೆ 14, ಹುಡುಗನಿಗೆ 22 ವರ್ಷ. ಅವರು ಮೂರು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೇರೆ ಕುದುರೆಯೊಂದಿಗೆ ಬಂದರು. ನೀವೂ ಹಾಗೇ ಮಾಡಿ ಎನ್ನುತ್ತಿಲ್ಲ. ಬಿಡುವುದೋ ಹಿಡಿಯುವುದೋ ಎಂಬುದನ್ನು ಸೂತಕದಲ್ಲಿ ತೀರ್ಮಾನಿಸಬೇಕಿಲ್ಲ, ಅಷ್ಟೇ.

‘ಚಿಕಿತ್ಸೆ ಯಾಕಿಲ್ಲ’ ಎಂದವರಿಗೆ ಬಾರ್ಬರೊ ಗೊತ್ತಿರಲಾರ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದು, ಎರಡು ವಾರದಲ್ಲಿ ಇನ್ನೊಂದು ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡ ಕುದುರೆ. ದುಡ್ಡಿಗೂ ವೈದ್ಯರಿಗೂ ಬರ ಇರಲಿಲ್ಲ. ಆದರೆ ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ಒಂದು ಕಾಲನ್ನು ಎತ್ತಿ ಹಿಡಿದರೆ ಆ ಭಾರ ಉಳಿದ ಗೊರಸುಗಳ ಮೇಲೆ ಬೀಳುತ್ತದೆ; ಒಳಗಿನ ಪದರ ಉರಿಯೆದ್ದು ಬಿಡಿಸಿಕೊಳ್ಳುತ್ತದೆ. ಮನುಷ್ಯರ ಹಾಗೆ ತಿಂಗಳುಗಟ್ಟಲೆ ಮಲಗಿಸೋಣವೆಂದರೆ ಕುದುರೆಯ ದೇಹ ಅದಕ್ಕೆ ಒಗ್ಗದು. ಎಂಟು ತಿಂಗಳು ಹೆಣಗಿ, 2007ರ ಜನವರಿಯಲ್ಲಿ ಅವನನ್ನೂ ಕಳಿಸಿಕೊಡಬೇಕಾಯಿತು. ನಿಮ್ಮ ವೈದ್ಯರು ತಪ್ಪಿಸಿದ್ದು ಆ ಎಂಟು ತಿಂಗಳ ನರಳಾಟವನ್ನು.

ಹಾಗಂತ ಬೈದವರೆಲ್ಲ ಮೂರ್ಖರೆಂದು ನಾನು ಬರೆಯಲಾರೆ. ಅದೇ ಟೋಕಿಯೊದಲ್ಲಿ ಐದು ದಿನದ ನಂತರ, ಆಗ ಸವಾರಿಯೂ ಸೇರಿದ್ದ ಐದು ಆಟಗಳ ಸ್ಪರ್ಧೆ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ, ಚೀಟಿ ಎತ್ತಿ ಸಿಕ್ಕ ಕುದುರೆ ಸೇಂಟ್ ಬಾಯ್ ಹಾರಲೊಲ್ಲದು, ಜರ್ಮನಿಯ ಸವಾರೆ ಅಳುತ್ತ ಚಾವಟಿ ಬೀಸುತ್ತಾಳೆ, ಕೋಚ್ ಕುದುರೆಗೆ ಗುದ್ದುತ್ತಾಳೆ. ಜಗತ್ತು ಕೂಗಾಡಿತು, ಪ್ಯಾರಿಸ್ ನಂತರಕ್ಕೆ ಆ ಕ್ರೀಡೆಯಿಂದ ಸವಾರಿಯನ್ನೇ ತೆಗೆದರು. ಕುದುರೆಗೆ ಬಾಯಿಲ್ಲ, ಯಾರಾದರೂ ಅದರ ಪರವಾಗಿ ಕೂಗಬೇಕು. ನಿಮ್ಮ ಕ್ರೀಡೆಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಬರಲಿ ಕೂಡ.

ಈಗ ಮೂರನೇ ಪುಟಕ್ಕೆ ಬರುತ್ತೇನೆ. ಕುದುರೆಯನ್ನು ನೋಡಿಕೊಳ್ಳುತ್ತಿದ್ದ ಸೈಸ್ ಬಗ್ಗೆ ಒಂದೇ ಸಾಲು, ಅದೂ ಆವರಣದೊಳಗೆ: ‘ಬೆಳಿಗ್ಗೆ ಅರ್ಧ ಮೇವು ಬಿಟ್ಟಿದ್ದಾನೆ ಅಂತ ಸೈಸ್ ಅಣ್ಣ ಹೇಳಿದ್ದರು, ಈಗ ಅವರೂ ಊರಿಗೆ ಹೋಗಿದ್ದಾರೆ.’

ನಿಮ್ಮ ನಿದ್ದೆ ಕೆಡಿಸಿರುವುದು ಈ ಬಕೆಟ್ಟು. ‘ಕೊಂದಳು’ ಎಂದು ನೂರು ಅಪರಿಚಿತರು ಬರೆದರೆ ಸಿಟ್ಟು ಬರಬೇಕಿತ್ತು. ನಿಮಗೆ ಬಂದದ್ದು ನಡುಕ. ಸ್ಪರ್ಧೆಯ ದಿನ ಗಾಬರಿಗೆ, ಹೊಸ ಜಾಗಕ್ಕೆ, ಎಷ್ಟೋ ಕುದುರೆಗಳು ಮೇವು ಬಿಡುತ್ತವೆ. ಅದಕ್ಕೂ ಹರಿದ ಅಸ್ಥಿರಜ್ಜಿಗೂ ನಂಟಿದೆಯೇ ಎಂದು ನೀವು ವೈದ್ಯರನ್ನು ಇನ್ನೂ ಕೇಳಿಲ್ಲ. ನನಗೆ ಅನಿಸುವಂತೆ, ಕೇಳಲು ಹೆದರಿದ್ದೀರಿ. ಅದಕ್ಕಿಂತ ಹೆಚ್ಚು ಹೆದರಿಕೆ ಸೈಸ್ ಅಣ್ಣನ ಮುಖ ನೋಡಲು.

ನೀವು ಆರು ವರ್ಷ ಕೂತಿರಿ. ಅವರು ಆರು ವರ್ಷ ತಿಕ್ಕಿದರು, ಗೊರಸು ಕೆರೆದರು, ಹೊಟ್ಟೆನೋವು ಬಂದ ರಾತ್ರಿ ಲಾಯದ ಸುತ್ತ ನಡೆಸಿದರು. ನಮ್ಮ ಮನೆಯಲ್ಲಿ ಎತ್ತು ಸತ್ತಾಗ ಅಜ್ಜಿ ಮೊದಲ ಲೋಟ ಕಾಫಿ ಕೊಟ್ಟದ್ದು ಅಜ್ಜನಿಗಲ್ಲ, ಹೂಡುತ್ತಿದ್ದ ಆಳಿಗೆ. ಎಂಟು ವರ್ಷದವಳಾಗಿದ್ದ ನನಗೂ ಅದು ಸರಿ ಅನಿಸಿತ್ತು. ನಾಲ್ಕು ಪುಟದಲ್ಲಿ ಸೈಸ್ ಅಣ್ಣನಿಗೆ ನೀವು ಕೊಟ್ಟದ್ದು ಅರ್ಧ ಸಾಲು.

ವಿಡಿಯೊ ಬೇಡ. ಖಾತೆ ಇರಲಿ, ಹೋಗಲಿ, ನನಗೆ ಆಸಕ್ತಿ ಇಲ್ಲ. ಭಾನುವಾರ ಬೆಳಗಿನ ಬಸ್ಸು ಹತ್ತಿ ಅವರ ಊರಿಗೆ ಹೋಗಿ. ನಿಮ್ಮ ಅಣ್ಣನನ್ನು ಕರೆದೊಯ್ಯಬೇಡಿ. ಕುದುರೆಯ ಮುಖಕ್ಕೆ ಕಟ್ಟುತ್ತಿದ್ದ ಹಾಲ್ಟರ್ ತೆಗೆದುಕೊಂಡು ಹೋಗಿ, ಬಕೆಟ್ಟಿನ ಮಾತು ನೀವೇ ಎತ್ತಿ, ಅವರು ಬೈದರೆ ಬೈಸಿಕೊಳ್ಳಿ. ಏಳುವ ಮುನ್ನ ಇನ್ನೊಂದನ್ನೂ ಕೇಳಿ: ಕುದುರೆ ಇಲ್ಲದ ಸೈಸ್‌ಗೆ ಕ್ಲಬ್ಬಿನವರು ಈ ತಿಂಗಳ ಸಂಬಳ ಕೊಟ್ಟಿದ್ದಾರೆಯೇ ಎಂದು.