ತಂದೆಗೆ ಐಸಿಡಿ (ಹೃದಯದ ಅಪಾಯಕಾರಿ ಲಯವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸಿದ್ದಾರೆ, ಹಾಸಿಗೆ ಪಕ್ಕ ಇಡಲು ಒಂದು ಮಾನಿಟರ್ ಕೊಟ್ಟಿದ್ದಾರೆ. ಆಸ್ಪತ್ರೆಯವರು 24 ಗಂಟೆಯೂ ಅವರ ಹೃದಯವನ್ನು ನೋಡುತ್ತಿರುತ್ತಾರೆಯೇ?

ಇಲ್ಲ. ನಿಮ್ಮ ತಂದೆಯ ಹೃದಯಬಡಿತವನ್ನು ಯಾರೂ ಪರದೆಯ ಮುಂದೆ ಕೂತು ನೋಡುತ್ತಿರುವುದಿಲ್ಲ. ಹಗಲೂ ರಾತ್ರಿ ಕಾವಲಿರುವುದು ಎದೆಯೊಳಗಿನ ಐಸಿಡಿ. ಪ್ರಾಣಕ್ಕೆ ಕುತ್ತಾಗುವ ಲಯ ಕಂಡರೆ ಅದು ಯಾರನ್ನೂ ಕೇಳದೆ ಚಿಕಿತ್ಸೆ ಕೊಡುತ್ತದೆ. ಮಾನಿಟರ್‌ನದು ಅಂಚೆಯವನ ಕೆಲಸ, ಅಷ್ಟೇ. ಅದರ ಪ್ಲಗ್ ಕಿತ್ತಿಟ್ಟರೂ ಐಸಿಡಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಅದು ಕಂಡದ್ದು ಕ್ಲಿನಿಕ್‌ಗೆ ತಲುಪುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ: ರಾತ್ರಿ ಮಲಗಿರುವಾಗ ಮಾನಿಟರ್ ಎರಡು ಮೂರು ಮೀಟರ್ ಒಳಗಿರುವ ಸಾಧನದ ಜೊತೆ ರೇಡಿಯೊ ಮೂಲಕ ಮಾತಾಡುತ್ತದೆ. ಬಹಳಷ್ಟು ಸಾಧನಗಳು ಇದಕ್ಕೆ 402ರಿಂದ 405 ಮೆಗಾಹರ್ಟ್ಸ್ ತರಂಗ ಬಳಸುತ್ತವೆ, ಹೊಸವು ಬ್ಲೂಟೂತ್. ಅಲ್ಲಿಂದ ಮಾಹಿತಿ ಮೊಬೈಲ್ ನೆಟ್‌ವರ್ಕ್ ಮೂಲಕ ತಯಾರಕರ ಸರ್ವರ್‌ಗೆ, ಸರ್ವರ್‌ನಿಂದ ಕ್ಲಿನಿಕ್‌ಗೆ ಹೋಗುತ್ತದೆ. ಕ್ಲಿನಿಕ್ ಸಿಬ್ಬಂದಿ ಅದನ್ನು ತೆರೆದು ನೋಡುವುದು ಸಾಮಾನ್ಯವಾಗಿ ಕೆಲಸದ ವೇಳೆಯಲ್ಲಿ. ಶನಿವಾರ ರಾತ್ರಿಯ ಅಲರ್ಟ್ ಸೋಮವಾರ ಬೆಳಗ್ಗೆ ಕಣ್ಣಿಗೆ ಬೀಳಬಹುದು. ಹಾಗಾಗಿ ತುರ್ತು ಪರಿಸ್ಥಿತಿಯಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ಹಾಗಾದರೆ ಉಪಯೋಗವೇನು? ನನ್ನನ್ನು ಕೇಳಿದರೆ, ಐಸಿಡಿ ಇರುವವರಿಗೆ ಇದರ ದೊಡ್ಡ ಲಾಭ ಲೀಡ್‌ನ ದೋಷವನ್ನು ಬೇಗ ಹಿಡಿಯುವುದು. ಸಾಧನದಿಂದ ಹೃದಯಕ್ಕೆ ಹೋಗುವ ಈ ತಂತಿ ಪ್ರತಿ ಬಡಿತಕ್ಕೂ ಬಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಬಲಹೀನ ಕೊಂಡಿ ಅದೇ. ಅದರ ವಿದ್ಯುತ್ ಪ್ರತಿರೋಧ ಸಾಮಾನ್ಯವಾಗಿ 200ರಿಂದ 2000 ಓಮ್ ನಡುವೆ, ಹೆಚ್ಚು ಏರಿಳಿತವಿಲ್ಲದೆ ಇರಬೇಕು. ಒಮ್ಮೆಲೇ ಮೇಲೇರಿದರೆ ಒಳಗಿನ ತಂತಿ ಮುರಿದಿರಬಹುದು ಅಥವಾ ಸಾಧನಕ್ಕೆ ಸೇರುವ ಜಾಗದಲ್ಲಿ ಸ್ಕ್ರೂ ಸಡಿಲವಾಗಿರಬಹುದು. ಕೆಳಗಿಳಿದರೆ ಹೊರಗಿನ ಹೊದಿಕೆ ಸವೆದಿರಬಹುದು. ಮುರಿದ ತಂತಿ ಹುಟ್ಟಿಸುವ ವಿದ್ಯುತ್ ಗದ್ದಲವನ್ನು ಐಸಿಡಿ ಅಪಾಯಕಾರಿ ಲಯವೆಂದು ತಪ್ಪು ತಿಳಿದು, ಎಚ್ಚರವಾಗಿ ಕೂತಿರುವ ಮನುಷ್ಯನಿಗೆ ಒಂದರ ಮೇಲೊಂದು ಶಾಕ್ ಕೊಡಬಲ್ಲದು. ಮೊದಲ ಶಾಕ್‌ಗೆ ಮುಂಚೆಯೇ ಈ ಗದ್ದಲದ ದಾಖಲೆ ಕ್ಲಿನಿಕ್‌ಗೆ ತಲುಪಿದರೆ ಆ ಯಾತನೆ ತಪ್ಪೀತು. ಬೇಗ ತಲುಪುತ್ತದೆ ಎಂಬುದಕ್ಕೆ ಆಧಾರವೂ ಇದೆ: 2010ರಲ್ಲಿ ಪ್ರಕಟವಾದ ‘ಟ್ರಸ್ಟ್’ ಎಂಬ ಹೆಸರಿನ ಅಧ್ಯಯನದಲ್ಲಿ ಲಯದ ತೊಂದರೆ ವೈದ್ಯರ ಗಮನಕ್ಕೆ ಬರಲು ಇಂಥ ಮಾನಿಟರ್ ಮೂಲಕ ದೂರದಿಂದ ನಿಗಾ ಇದ್ದವರಲ್ಲಿ ಸಾಮಾನ್ಯವಾಗಿ 2 ದಿನಕ್ಕಿಂತ ಕಡಿಮೆ, ಇಲ್ಲದವರಲ್ಲಿ 36 ದಿನ ಹಿಡಿದಿತ್ತು.

ಉಳಿದಂತೆ, ರೋಗಿಗೆ ಗೊತ್ತೇ ಆಗದ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಬಡಿತ) ಮತ್ತು ಬ್ಯಾಟರಿಯ ಸ್ಥಿತಿ ತಿಳಿಯುತ್ತವೆ. ಬದಲಿಸಬೇಕೆಂಬ ಸೂಚನೆ ಬಂದ ಮೇಲೂ ಬ್ಯಾಟರಿ ಸಾಮಾನ್ಯವಾಗಿ ಸುಮಾರು 3 ತಿಂಗಳು ನಡೆಯುತ್ತದೆ, ಗಾಬರಿ ಬೇಡ.

ಈ ವ್ಯವಸ್ಥೆ ಕೈಕೊಡುವುದು ಹೆಚ್ಚಾಗಿ ತೀರಾ ಸಣ್ಣ ಕಾರಣಕ್ಕೆ. ಫೋನ್ ಚಾರ್ಜ್ ಮಾಡಲೆಂದು ಯಾರೋ ಮಾನಿಟರ್ ಪ್ಲಗ್ ತೆಗೆದಿರುತ್ತಾರೆ, ಮತ್ತೆ ಹಾಕುವುದಿಲ್ಲ. ಕೋಣೆ ಬದಲಾಗಿರುತ್ತದೆ, ಮಾನಿಟರ್ ಹಳೆಯ ಕೋಣೆಯಲ್ಲೇ ಉಳಿದಿರುತ್ತದೆ. ಲೋಹದ ಕಪಾಟಿನೊಳಗೆ ಇಟ್ಟರೆ ನೆಟ್‌ವರ್ಕ್ ಸಿಗುವುದಿಲ್ಲ. ಮಾನಿಟರ್ ಬದಲು ಫೋನ್ ಆ್ಯಪ್ ಬಳಸುವವರದು ಬೇರೆಯೇ ಗೋಳು: ರಾತ್ರಿ ಏರೋಪ್ಲೇನ್ ಮೋಡ್, ಆಫ್ ಆದ ಬ್ಲೂಟೂತ್, ಆ್ಯಪ್ ಅನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುವ ಬ್ಯಾಟರಿ ಸೇವರ್. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಿ, ಹೊಸ ಫೋನ್ ಕೊಂಡರೆ ಮತ್ತೆ ಜೋಡಿಸುವುದನ್ನು ಮರೆಯಬೇಡಿ. ಅಂದಹಾಗೆ ಫೋನನ್ನು ಎದೆ ಜೇಬಿನಲ್ಲಿ ಇಡುವುದು ಬೇಡ. ಆಯಸ್ಕಾಂತ ಇರುವ ಫೋನ್ ಹತ್ತಿರ ಬಂದರೆ ಐಸಿಡಿ ಲಯ ಗುರುತಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬಹುದು. 15 ಸೆಂಟಿಮೀಟರ್ ದೂರವಿರಲಿ.

ಗುಂಡಿ ಒತ್ತಿ ನೀವೇ ಮಾಹಿತಿ ಕಳಿಸುವ ಸೌಲಭ್ಯವೂ ಹಲವು ಮಾನಿಟರ್‌ಗಳಲ್ಲಿದೆ. ಕ್ಲಿನಿಕ್ ಹೇಳಿದಾಗ ಮಾತ್ರ ಬಳಸಿ. ದಿನಾ ಕಳಿಸಿದರೆ ಎದೆಯೊಳಗಿನ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ. ಕಳಿಸಿದ ಮಾತ್ರಕ್ಕೆ ಯಾರೋ ಆ ಕ್ಷಣವೇ ನೋಡುತ್ತಾರೆಂದೂ ಅಲ್ಲ, ಕಳಿಸಿದ ಮೇಲೆ ಫೋನ್ ಮಾಡಿ ಹೇಳಬೇಕು.

ಒಂದು ಶಾಕ್ ಬಂದು, ಆಮೇಲೆ ತಂದೆ ಆರಾಮಾಗಿದ್ದರೆ ಅದೇ ದಿನ ಕ್ಲಿನಿಕ್‌ಗೆ ಕರೆ ಮಾಡಿ. 24 ಗಂಟೆಯೊಳಗೆ ಎರಡು ಅಥವಾ ಹೆಚ್ಚು ಶಾಕ್ ಬಂದರೆ, ಅಥವಾ ಒಂದೇ ಶಾಕ್ ಆದರೂ ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ಮಾನಿಟರ್ ಕಡೆ ತಿರುಗಿಯೂ ನೋಡದೆ ಆಂಬುಲೆನ್ಸ್ ಕರೆಯಿರಿ.

ಕ್ಲಿನಿಕ್‌ನಲ್ಲಿ ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಯಾವ್ಯಾವುದಕ್ಕೆ ಅಲರ್ಟ್ ಇಟ್ಟಿದ್ದಾರೆ, ರಜೆಯ ದಿನ ಯಾರು ನೋಡುತ್ತಾರೆ, ಸಂಪರ್ಕ ತಪ್ಪಿದರೆ ಎಷ್ಟು ದಿನಕ್ಕೆ ನಿಮಗೆ ತಿಳಿಸುತ್ತಾರೆ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ, ಕೊನೆಯ ಬಾರಿ ಮಾಹಿತಿ ಹೋದದ್ದು ಯಾವಾಗ ಎಂದು ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ ವಿಚಾರಿಸಿ.