ಆಶಿಯೊಗೆ ಇಡೀ ದಿನ ಕೊಡಿ, ಸುರಂಗಕ್ಕೇ ನಿಲ್ಲಿಸಬೇಡಿ

ಜಪಾನಿನ ನಿಕ್ಕೊ ಪ್ರವಾಸದಲ್ಲಿ ಒಂದು ದಿನ ಆಶಿಯೊ ತಾಮ್ರದ ಗಣಿಗೆ ಕೊಡಬಹುದೇ, ಗಣಿಯ ಸುರಂಗ ನೋಡಿ ವಾಪಸ್ ಬಂದರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಕೊಡಿ, ಆದರೆ ಸುರಂಗವಷ್ಟೇ ಸಾಲದು.

ಸುರಂಗ ಚೆನ್ನಾಗಿಯೇ ಇದೆ. ಪುಟ್ಟ ರೈಲು ಒಳಗೆ ಬಿಡುತ್ತದೆ, ಆಮೇಲೆ ನಡಿಗೆ. ಬೇರೆ ಬೇರೆ ಕಾಲದ ಕಾರ್ಮಿಕರ ಗೊಂಬೆಗಳಿವೆ. ಹತ್ತಿರದ ರೈಲು ನಿಲ್ದಾಣ ತ್ಸೂದೊ.

ನಿಜವಾದ ಕಥೆ ಇರುವುದು ಇನ್ನೂ ಮೇಲೆ, ಅದೇ ರೈಲಿನ ಕೊನೆಯ ನಿಲ್ದಾಣ ಮಾತೊದ ಆಚೆ. ಅಲ್ಲಿ ಹಳೆಯ ತಾಮ್ರ ಕರಗಿಸುವ ಕಾರ್ಖಾನೆಯ ಅವಶೇಷ, ಎತ್ತರದ ಚಿಮಣಿ ನದಿಯಾಚೆಯಿಂದಲೇ ಕಾಣುತ್ತವೆ. ಅದರ ಗಂಧಕದ ಹೊಗೆಗೆ ಸುತ್ತಲಿನ ಬೆಟ್ಟಗಳು ಬೋಳಾದವು, ಮತ್ಸುಕಿ ಎಂಬ ಹಳ್ಳಿಯೇ ಖಾಲಿಯಾಯಿತು. ಗಣಿಯ ವಿಷ ವತರಸೆ ನದಿಗಿಳಿದು ಕೆಳಗಿನ ಗದ್ದೆಗಳನ್ನು ಹಾಳುಮಾಡಿತು. ರೈತರ ಪರವಾಗಿ ಹೋರಾಡಿದ ತನಾಕ ಶೋಜೊ ಸಂಸತ್ ಸ್ಥಾನ ಬಿಟ್ಟು, 1901ರಲ್ಲಿ ಚಕ್ರವರ್ತಿಯ ಗಾಡಿಗೇ ಅಡ್ಡಹೋಗಿ ಮನವಿ ಕೊಡಲು ಯತ್ನಿಸಿದರು. ಇಂಥ ಮನುಷ್ಯನ ಬಗ್ಗೆ ಸ್ವಲ್ಪ ಓದಿಕೊಂಡು ಹೋದರೆ ಆ ಬೆಟ್ಟಗಳು ಬೇರೆಯೇ ಆಗಿ ಕಾಣುತ್ತವೆ. ಗಣಿ 1973ರಲ್ಲಿ ಮುಚ್ಚಿತು. ಬೆಟ್ಟಗಳಲ್ಲಿ ಗಿಡ ನೆಡುವ ಕೆಲಸ ಇವತ್ತಿಗೂ ನಡೆದಿದೆ. ಹಸಿರಿನ ನಡುವೆ ಬರಿಬಂಡೆಯ ಇಳಿಜಾರುಗಳು ಇನ್ನೂ ಉಳಿದಿವೆ.

ನಿಕ್ಕೊದಿಂದ ಬಸ್ ಇದೆ, ಕಿರ್ಯೂ ನಗರದ ಕಡೆಯಿಂದ ವತರಸೆ ಕಣಿವೆ ರೈಲು ಬರುತ್ತದೆ. ನನ್ನ ಸಲಹೆ, ಬಸ್ಸಿನಲ್ಲಿ ಹೋಗಿ ರೈಲಿನಲ್ಲಿ ಕಿರ್ಯೂ ಕಡೆಗೆ ಇಳಿದು ಬನ್ನಿ, ನದಿಯ ಪಕ್ಕದ ಆ ದಾರಿ ತುಂಬ ಚೆಂದ. ಎರಡೂ ಆಗಾಗ ಸಿಗುವುದಿಲ್ಲ, ಹಾಗಾಗಿ ವಾಪಸ್ ಬರುವ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.