ಅಮೆರಿಕದ ‘ಅಲ್ಪಸಂಖ್ಯಾತ’ ಫೆಲೋಶಿಪ್ ನಮಗೆ ಸಿಗುತ್ತದಾ?

ಪ್ರಶ್ನೆ: ನಾನು ಕಲಬುರಗಿಯವಳು, ಮುಸ್ಲಿಂ, 27 ವರ್ಷ. ಎಂ.ಕಾಂ. ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಅಕೌಂಟಿಂಗ್‌ನಲ್ಲಿ ಪಿಎಚ್‌ಡಿ ಮಾಡುವ ಅಲ್ಪಸಂಖ್ಯಾತರಿಗೆ ಅಮೆರಿಕದಲ್ಲಿ ವರ್ಷಕ್ಕೆ 12,000 ಡಾಲರ್ ಕೊಡುತ್ತಾರಂತೆ. ಅರ್ಜಿ ಹಾಕಬಹುದಾ?

ಉತ್ತರ: ನೀವು ಕೇಳಿರುವುದು ಅಲ್ಲಿನ ಸಿಪಿಎಗಳ (ನಮ್ಮ ಸಿಎಗಳಂಥ ಲೆಕ್ಕಪರಿಶೋಧಕರ) ಸಂಸ್ಥೆ ಎಐಸಿಪಿಎ ಕೊಡುತ್ತಾ ಬಂದ ಫೆಲೋಶಿಪ್ ಇರಬೇಕು. ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ನಿಮಗೆ ಸಿಗುವುದಿಲ್ಲ. ಅಲ್ಲಿ ಅಲ್ಪಸಂಖ್ಯಾತ ಅಂದರೆ ಧರ್ಮದ ಲೆಕ್ಕವೂ ಅಲ್ಲ, ಜನಾಂಗದ ಲೆಕ್ಕ. ಬಿಸಿನೆಸ್ ಸ್ಕೂಲ್‌ಗಳಲ್ಲಿ ಕಪ್ಪು, ಲ್ಯಾಟಿನೊ, ಮೂಲನಿವಾಸಿ ಮೇಷ್ಟ್ರುಗಳು ಬೆರಳೆಣಿಕೆಯಷ್ಟಿದ್ದರು. ಅದಕ್ಕೇ ಅವರನ್ನು ಪಿಎಚ್‌ಡಿಗೆ ಕರೆತರಲು 1994ರಲ್ಲಿ ‘ಪಿಎಚ್‌ಡಿ ಪ್ರಾಜೆಕ್ಟ್’ ಎಂಬ ಸಂಸ್ಥೆ ಶುರುವಾಯಿತು. ಈಗ ಅದಕ್ಕೂ ಬಿಸಿ ತಟ್ಟಿದೆ. ಅದು ಜನಾಂಗ ನೋಡಿ ಸೇರಿಸಿಕೊಳ್ಳುತ್ತದೆ, ಅದರ ಜೊತೆ ನಂಟಿದೆ ಎಂದು 2025ರ ಮಾರ್ಚ್‌ನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ 45 ವಿಶ್ವವಿದ್ಯಾಲಯಗಳ ಮೇಲೆ ತನಿಖೆ ಹೂಡಿತು.

ಆದರೆ ಬೇಜಾರಾಗಬೇಡಿ. ಆ 12,000 ಡಾಲರ್ ಮೇಲೊಗರ ಅಷ್ಟೇ, ಊಟ ಬೇರೆ ಕಡೆ ಇದೆ. ಅಮೆರಿಕದ ಒಳ್ಳೆಯ ಅಕೌಂಟಿಂಗ್ ವಿಭಾಗಗಳು ಪಿಎಚ್‌ಡಿಗೆ ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ, ತಿಂಗಳ ಖರ್ಚಿಗೂ ಹಣ ಕೊಡುತ್ತವೆ. ಬದಲಿಗೆ ಪಾಠದಲ್ಲೋ ಸಂಶೋಧನೆಯಲ್ಲೋ ಕೈಜೋಡಿಸಬೇಕು. ಅದಕ್ಕೆ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಅಡ್ಡಿಯಿಲ್ಲ. ಕಷ್ಟ ಇರುವುದು ಸೀಟಿನಲ್ಲಿ. ಒಂದೊಂದು ವಿಭಾಗ ವರ್ಷಕ್ಕೆ ಕೆಲವೇ ಮಂದಿಯನ್ನು ತೆಗೆದುಕೊಳ್ಳುತ್ತದೆ. ಜಿಮ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಅಂಕ ಚೆನ್ನಾಗಿರಬೇಕು. ಇನ್ನೊಂದು ವಿಷಯ, ನಮ್ಮ ಎಂ.ಕಾಂ.ನವರು ಎಡವುವುದು ಇಲ್ಲೇ: ಅಲ್ಲಿ ಜರ್ನಲ್ ಎಂಟ್ರಿ, ಲೆಡ್ಜರ್ ಯಾರಿಗೂ ಬೇಕಿಲ್ಲ. ಕಂಪನಿಗಳ ಲೆಕ್ಕ, ಷೇರು ಬೆಲೆಗಳ ಡೇಟಾ ರಾಶಿ ಹಾಕಿಕೊಂಡು ಇಕನಾಮೆಟ್ರಿಕ್ಸ್ (ಅಂಕಿ-ಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರ) ಮಾಡುತ್ತಾರೆ. ಗಣಿತ ಈಗಲೇ ತಿದ್ದಿಕೊಳ್ಳಿ.

ಇಲ್ಲೇ ಮಾಡುವುದಾದರೆ? ಅಲ್ಪಸಂಖ್ಯಾತರಿಗೆಂದೇ 2009ರಲ್ಲಿ ಬಂದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. ಬೇರೆ ಯೋಜನೆಗಳಲ್ಲೂ ಇವರಿಗೆ ಹಣ ಸಿಗುತ್ತದೆ ಎಂಬುದು ಸರ್ಕಾರ ಕೊಟ್ಟ ಕಾರಣ. ನನಗೇನೂ ಒಪ್ಪಿಗೆಯಾಗಲಿಲ್ಲ. ಉಳಿದ ದೊಡ್ಡ ದಾರಿ ಯುಜಿಸಿ-ನೆಟ್ ಪರೀಕ್ಷೆ. ಅದರಲ್ಲಿ ಕಾಮರ್ಸ್‌ಗೆ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ಜಾಸ್ತಿ. ಅಂದರೆ ನಿಮಗೆ ಇನ್ನೂ ಸಮಯವಿದೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯೂ ಪೂರ್ಣಾವಧಿ ಪಿಎಚ್‌ಡಿಗೆ ಫೆಲೋಶಿಪ್ ಕೊಡುತ್ತದೆ. ಈ ವರ್ಷದ ಮೊತ್ತ, ನಿಯಮ ಎಲ್ಲ ಜಿಲ್ಲಾ ಕಚೇರಿಯಲ್ಲೇ ಕೇಳಿ. ಕಾಲೇಜಿನ ಕೆಲಸ ಬಿಡುವ ಮೊದಲೇ ಕೇಳಿ.